ಪ್ರತಿ ಸಲ ವಾಟರ್‌ಪ್ರೂಫ್ ಮಾಡಿಸಿದರೂ ಅಂಗಡಿ ಸೋರುತ್ತಿದೆ, ಏನು ಮಾಡಲಿ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಮೂರು ಮಹಡಿಯ ಕಮರ್ಷಿಯಲ್ ಕಾಂಪ್ಲೆಕ್ಸ್ ಇದೆ. ಕಟ್ಟಿಸಿ 22 ವರ್ಷವಾಯಿತು. ಆರ್‌ಸಿಸಿ ಟೆರೇಸ್, ಸುಮಾರು 3,000 ಚದರಡಿ. ಮಳೆ ಬಂದರೆ ಮೇಲಿನ ಮಹಡಿಯ ಬಟ್ಟೆ ಅಂಗಡಿಯಲ್ಲಿ ಫ್ಯಾನ್ ಕೊಕ್ಕೆಯಿಂದ ನೀರು ತೊಟ್ಟಿಕ್ಕುತ್ತದೆ. ಐದು ವರ್ಷದಲ್ಲಿ ಮೂರು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ದೇನೆ. ಈಗ ಮೇಸ್ತ್ರಿ ಇಡೀ ಟೆರೇಸಿಗೆ ಎರಡು ಇಂಚು ಕಾಂಕ್ರೀಟ್ ಹಾಕೋಣ ಅನ್ನುತ್ತಿದ್ದಾರೆ. ಬೇಸಿಗೆಯಲ್ಲಿ ಸೆಕೆ ಜಾಸ್ತಿ ಅಂತಲೂ ಬಾಡಿಗೆದಾರರ ದೂರು. ಖರ್ಚು ಕಡಿಮೆ ಮಾಡುವ ದಾರಿ ಇದೆಯೇ?

ಉತ್ತರ: ಮೊದಲು ಆ ಕಾಂಕ್ರೀಟ್ ಕೆಲಸ ನಿಲ್ಲಿಸಿ. 3,000 ಚದರಡಿಗೆ ಎರಡು ಇಂಚು ಅಂದರೆ 500 ಘನ ಅಡಿ ಕಾಂಕ್ರೀಟ್. ತೂಕ 30 ಟನ್ನಿಗೂ ಜಾಸ್ತಿ. 22 ವರ್ಷದ ಕಟ್ಟಡದ ನೆತ್ತಿಯ ಮೇಲೆ ಹತ್ತು ಟನ್ನಿನ ಮೂರು ಲೋಡು ಕಾಯಂ ಆಗಿ ಇಟ್ಟ ಹಾಗೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ನೋಡಿ ಒಪ್ಪದೆ ಇದನ್ನು ಮಾಡಿಸಲೇಬೇಡಿ.

ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇ ಇರಬೇಕೆಂದಿಲ್ಲ. ಮೋಲ್ಡ್ ಹಾಕುವಾಗಲೇ ವೈರಿಂಗ್ ಪೈಪನ್ನು ಅದರೊಳಗೆ ಕೂರಿಸಿರುತ್ತಾರಲ್ವಾ, ನೀರು ಎಲ್ಲೋ ಒಂದು ಬಿರುಕಿನಲ್ಲಿ ಇಳಿದು, ಆ ಪೈಪಿನೊಳಗೆ ಹರಿದು, ಫ್ಯಾನ್ ಬಾಕ್ಸಿನ ಹತ್ತಿರ ಹೊರಗೆ ಬರುತ್ತದೆ. ಮೂಲ ಹದಿನೈದು ಅಡಿ ಆಚೆಗೂ ಇರಬಹುದು. ತೊಟ್ಟಿಕ್ಕುವಾಗ ಆ ಲೈನಿನ ಕರೆಂಟ್ ಆಫ್ ಮಾಡಿಸಿ. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ.

ನಾನು ನೋಡಿದ ಟೆರೇಸುಗಳಲ್ಲಿ ಬಯಲು ಭಾಗದಲ್ಲಿ ಸೋರುವುದು ಕಡಿಮೆ, ಅಂಚಿನಲ್ಲಿ ಸೋರುವುದೇ ಜಾಸ್ತಿ. ಪ್ಯಾರಪೆಟ್ ಗೋಡೆ ಟೆರೇಸಿಗೆ ಕೂಡುವ ಮೂಲೆ, ಮಳೆನೀರಿನ ಪೈಪಿನ ಬಾಯಿ, ಟ್ಯಾಂಕ್ ಸ್ಟ್ಯಾಂಡಿನ ಬುಡ, ಬೋರ್ಡ್ ನಿಲ್ಲಿಸಲು ಕೊರೆದ ಬೋಲ್ಟಿನ ತೂತು. ಪೈಪಿನ ಬಾಯಿಗೆ ಒಮ್ಮೆ ಕೈ ಹಾಕಿ ನೋಡಿ. ಪಾರಿವಾಳದ ಪುಕ್ಕ, ಗುಟ್ಕಾ ಪ್ಯಾಕೆಟ್, ಫ್ಲೆಕ್ಸಿನ ಚೂರು, ಕೆಸರು, ಎಲ್ಲ ಒಟ್ಟಿಗೆ ಗಟ್ಟಿಯಾಗಿ ಕೂತಿರುತ್ತದೆ. ಬಾಯಿ ಕಟ್ಟಿದರೆ ನೀರು ನಿಲ್ಲುತ್ತದೆ. ನಿಂತ ನೀರು ದಾರಿ ಹುಡುಕಿಕೊಳ್ಳುತ್ತದೆ. ಮೇಲೆ ಎಷ್ಟು ಪೇಂಟ್ ಹೊಡೆದರೂ ಈ ಜಾಗಗಳು ಹಾಗೇ ಉಳಿದರೆ ದುಡ್ಡು ಸುಮ್ನೆ ಹೋಗುತ್ತದೆ.

ಆದ್ದರಿಂದ ಮೊದಲು ಮೂಲ ಹುಡುಕಿ. ಟೆರೇಸನ್ನು ಸಿಮೆಂಟ್ ಗಾರೆಯ ಸಣ್ಣ ಬದುಗಳಿಂದ ನಾಲ್ಕು ಭಾಗ ಮಾಡಿಸಿ. ಒಂದೊಂದೇ ಭಾಗದಲ್ಲಿ ಒಂದೂವರೆ ಇಂಚು ನೀರು ಎರಡು ದಿನ ನಿಲ್ಲಿಸಿ. ಕೆಳಗಿನ ಅಂಗಡಿಯ ಚಾವಣಿಯಲ್ಲಿ ಈಗಿರುವ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಯಾವ ಭಾಗ ತುಂಬಿದಾಗ ತೇವ ಗೆರೆ ದಾಟುತ್ತದೋ, ಕೆಲಸ ಇರುವುದು ಅಲ್ಲಿ. ಮಳೆ ಇಲ್ಲದ ದಿನವೂ ಒದ್ದೆಯಾಗುತ್ತಿದ್ದರೆ ಟ್ಯಾಂಕು, ಅದರ ಪೈಪುಗಳ ಮೇಲೆ ಅನುಮಾನ ಪಡಿ.

ಸಿಕ್ಕ ಬಿರುಕಿನ ಮೇಲೆ ಬರೀ ಸಿಮೆಂಟ್ ಮೆತ್ತಿಸಬೇಡಿ. ಬಿಸಿಲಿಗೆ ಟೆರೇಸ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸಿಮೆಂಟಿಗೆ ಆ ಬಳುಕು ಇಲ್ಲ, ಮತ್ತೆ ಬಿಡುತ್ತದೆ. ಬಿರುಕನ್ನು ಸ್ವಲ್ಪ ಅಗಲ ಮಾಡಿ, ಧೂಳು ತೆಗೆದು, ರಬ್ಬರಿನ ಹಾಗೆ ಹಿಗ್ಗಿ ಕುಗ್ಗುವ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿಸಿ. ಪ್ಯಾರಪೆಟ್ ಮೂಲೆಗೆ ಪಾಲಿಮರ್ ಬೆರೆಸಿದ ಗಾರೆಯಲ್ಲಿ ಓರೆಯಾಗಿ ತುಂಬಿಸಿ, ಅದರ ಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಹಾಕಿಸಿ. ವಾಟ ಸರಿ ಇದೆಯಾ ಅಂತಲೂ ನೋಡಿ. ಪೈಪಿನ ಕಡೆಗೆ ಹತ್ತು ಅಡಿಗೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಇಳಿಜಾರು ಬೇಕು.

ಕೆಳಗೆ ಚಾವಣಿಯನ್ನು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿಸಿ. ಟೊಳ್ಳು ಸದ್ದು ಬಂದರೆ ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿರಬಹುದು. ಹಾಗಿದ್ದರೆ ಮೊದಲು ಕಂಬಿಯ ರಿಪೇರಿ ಆಗಲಿ. ತಡ ಮಾಡಿದಷ್ಟೂ ಬಿಲ್ಲು ಬೆಳೆಯುವುದು ಇಲ್ಲಿಯೇ.

ಆಮೇಲೆ ಬೇಕಾಗುವುದು ವರ್ಷಕ್ಕೆ ಎರಡು ದಿನದ ಕೂಲಿ. ಏಪ್ರಿಲ್‌ನಲ್ಲಿ, ದೊಡ್ಡ ಮಳೆಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಇನ್ನೊಮ್ಮೆ ಕಸ ತೆಗೆಸಿ, ಪೈಪಿನ ಬಾಯಿಯ ಜಾಲರಿ ನೋಡಿ. ಪ್ಯಾರಪೆಟ್ಟಿನಲ್ಲಿ ಅರಳಿ ಸಸಿ ಕಂಡರೆ ಎರಡೆಲೆ ಇರುವಾಗಲೇ ಬೇರು ಸಮೇತ ಕೀಳಿಸಿ. ಕೇಳದೆ ಯಾರೂ ಟೆರೇಸಿನಲ್ಲಿ ಡ್ರಿಲ್ ಮಾಡಬಾರದು ಅಂತ ಬಾಡಿಗೆ ಕರಾರಿನಲ್ಲೇ ಬರೆಸಿ.

ಸೆಕೆಗೆ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿ ಕೋಟಿಂಗ್ ಒಳ್ಳೆಯದು. ಮೇಲಿನ ಮಹಡಿಯ ಎಸಿಗೂ ಕೆಲಸ ಕಡಿಮೆಯಾಗುತ್ತದೆ. ಧೂಳು ಕೂತರೆ ಗುಣ ಹೋಗುತ್ತದೆ, ಬೇಸಿಗೆಯ ಮೊದಲು ತೊಳೆಸಬೇಕು. ಆದರೆ ಇದನ್ನು ಈಗಲೇ ಹೊಡೆಸಬೇಡಿ, ಕೆಳಗಿನ ಬಿರುಕು ಕಣ್ಣಿಗೆ ಕಾಣದಂತಾಗುತ್ತದೆ. ಒಂದು ಮಳೆಗಾಲ ಕಳೆದು, ಪೆನ್ಸಿಲ್ ಗೆರೆಯ ಆಚೆ ತೇವ ಬಂದಿಲ್ಲ ಅಂತ ನೋಡಿಕೊಂಡು ಆಮೇಲೆ ಹಚ್ಚಿಸಿ.