ನೀರಿನಡಿ ನಿಂತ ಆಟ: ಬಾಗಲಕೋಟೆಯ ಒಂದು ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದೆ.)

ಅವರನ್ನು ಶ್ರೀಶೈಲ ಎಂದು ಕರೆಯೋಣ. ವಯಸ್ಸು ನಲವತ್ತು ದಾಟಿದೆ. ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ, ನವನಗರದಲ್ಲಿ ಮನೆ. ಅವರಾಗಿಯೇ ಬಂದವರಲ್ಲ, ಹೆಂಡತಿ ಕರೆದುಕೊಂಡು ಬಂದಿದ್ದರು.

"ರಾತ್ರಿ ಎರಡು, ಮೂರರ ತನಕಾ ಕಂಪ್ಯೂಟರ್ ಮುಂದ ಕುಂದರತಾರ್ರಿ ಮೇಡಂ. ಆಡೂದರ ಎಂಥಾವು? ಮೂವತ್ತು ವರ್ಷದ ಹಿಂದಿನ ಆಟ, ಚಿತ್ರಾನೂ ನೆಟ್ಟಗ ಕಾಣಂಗಿಲ್ಲ. ಮಗಗ ಮೊಬೈಲ್ ಬಿಡು ಅಂತ ನಾ ಯಾವ ಬಾಯಿಲೆ ಹೇಳ್ಲಿ?"

ಇಂಥ ದೂರು ಬಂದಾಗ ಇದು ಚಟವೋ ಅಲ್ಲವೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಒಂದು ಕಾಯಿಲೆಯೆಂದೇ ಸೇರಿದೆ. ಆದರೆ ಹಾಗೆ ಹೆಸರಿಸಬೇಕಾದರೆ ಆಟದ ಮೇಲಿನ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಕೆಡುಕಾಗುತ್ತಿದೆ ಎಂದು ಕಂಡರೂ ಬಿಡಲಾಗದೆ ಮುಂದುವರಿದಿರಬೇಕು. ಸಾಮಾನ್ಯವಾಗಿ ಒಂದು ವರ್ಷವಾದರೂ ಹೀಗೆ ನಡೆದು ಬದುಕು ಹದಗೆಟ್ಟಿರಬೇಕು. ಶ್ರೀಶೈಲರ ಕೆಲಸ ಸರಿಯಾಗಿತ್ತು. ಮದುವೆ, ಮುಂಜಿವಿ, ಜಾತ್ರೆ ಯಾವುದನ್ನೂ ತಪ್ಪಿಸಿರಲಿಲ್ಲ. ಊರಿಗೆ ಹೋದರೆ ವಾರಗಟ್ಟಲೆ ಆಟದ ನೆನಪೇ ಇಲ್ಲದೆ ಇರಬಲ್ಲರು. ಬದುಕುವ ಆಸೆ, ಹಸಿವು, ಸಾವಿನ ಯೋಚನೆ ಎಲ್ಲವನ್ನೂ ಒಂದೊಂದಾಗಿ ಕೇಳಿದೆ, ಗಾಬರಿಪಡುವಂಥದ್ದೇನೂ ಸಿಗಲಿಲ್ಲ. ಕೆಟ್ಟಿದ್ದು ನಿದ್ದೆ, ಅದರ ಬೆನ್ನಿಗೇ ಸಿಡಿಮಿಡಿ. "ಆಟ ಅಳಿಸಿಹಾಕಿ" ಎಂದು ಹೇಳಿ ಕಳಿಸುವುದು ಸುಲಭವಿತ್ತು. ಅಂಥ ಸಲಹೆಯಲ್ಲಿ ನನಗೆ ನಂಬಿಕೆಯಿಲ್ಲ. ಮನುಷ್ಯ ಒಂದು ನೆನಪಿನ ಹತ್ತಿರ ರಾತ್ರಿಯೆಲ್ಲ ಕೂರುತ್ತಾನೆಂದರೆ ಆ ನೆನಪಿನಲ್ಲಿ ಯಾರಿದ್ದಾರೆಂದು ಕೇಳದೆ ಅದನ್ನು ಮುಟ್ಟಬಾರದು.

ಕೇಳಿದೆ. ಆ ನೆನಪಿನಲ್ಲಿ ಇದ್ದವರು ಅವರ ಅಣ್ಣ.

ಹಳೆ ಬಾಗಲಕೋಟೆಯ ಮನೆಯ ಮಾಳಿಗೆಯ ಕೋಣೆ. ಎಂಜಿನಿಯರಿಂಗ್ ಓದುತ್ತಿದ್ದ ಅಣ್ಣ ಹುಬ್ಬಳ್ಳಿಯಿಂದ ಜೋಡಿಸಿಕೊಂಡು ತಂದ ಕಂಪ್ಯೂಟರ್. ಕಂಪ್ಯೂಟರ್ ಕ್ಲಾಸಿನವರಿಂದ ನಕಲು ಮಾಡಿಸಿಕೊಂಡ ಆಟಗಳು. ಅಮೆರಿಕದಲ್ಲಿ 1990ರಲ್ಲಿ ಬಂದ 'ಮಂಕಿ ಐಲ್ಯಾಂಡ್' ಇವರ ಮನೆಗೆ ಬಂದದ್ದು ಏಳೆಂಟು ವರ್ಷ ತಡವಾಗಿ. ಅದರಲ್ಲಿ ಕತ್ತಿವರಸೆ ಗೆಲ್ಲುವುದು ಕೈಚಳಕದಿಂದಲ್ಲ, ಬೈಗುಳದಿಂದ. ಎದುರಾಳಿ ಒಂದು ಮೂದಲಿಕೆ ಎಸೆಯುತ್ತಾನೆ, ಅದಕ್ಕೆ ತಕ್ಕ ಮರುಮಾತು ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಸೋತು ಕಲಿಯಬೇಕು. ಅಣ್ಣ ಡಿಕ್ಷನರಿ ತೆಗೆದು ಒಂದೊಂದರ ಅರ್ಥ ಹೇಳುವುದು, ತಮ್ಮ ಅವನ್ನೆಲ್ಲ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಜೋಡಿ ಜೋಡಿಯಾಗಿ ಬರೆಯುವುದು. ತನಗೆ ಇಂಗ್ಲಿಷ್ ಬಂದದ್ದೇ ಹಾಗೆ ಎಂದರು ಶ್ರೀಶೈಲ.

ಇನ್ನೊಂದು ಆಟ 'ಅಲ್ಟಿಮಾ' ಸರಣಿಯ ನಾಲ್ಕನೆಯದು, ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಹೊರತಂದದ್ದು. ರಕ್ಕಸನನ್ನು ಕೊಂದು ಗೆಲ್ಲುವ ಆಟವಲ್ಲ ಅದು. ಪ್ರಾಮಾಣಿಕತೆ, ಕರುಣೆ, ನ್ಯಾಯ, ವಿನಯ ಹೀಗೆ ಎಂಟು ಗುಣಗಳಲ್ಲಿ ಪಳಗಬೇಕು. ಮಂತ್ರದ ಸಾಮಗ್ರಿ ಮಾರುವವರು ಅದರಲ್ಲಿ ಕುರುಡರು. ಎಷ್ಟು ನಾಣ್ಯ ಕೊಡುತ್ತೀರೋ ಅಷ್ಟನ್ನೇ ತೆಗೆದುಕೊಳ್ಳುತ್ತಾರೆ. ಕಡಿಮೆ ಕೊಟ್ಟರೆ ಆಗ ಯಾರೂ ಏನೂ ಅನ್ನುವುದಿಲ್ಲ, ಆದರೆ ಆಟ ಅದನ್ನು ಲೆಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ತಮ್ಮ ಒಮ್ಮೆ ಕಡಿಮೆ ಕೊಟ್ಟಿದ್ದಕ್ಕೆ ಅಣ್ಣ ಬೈದು, ಹಿಂದೆ ಉಳಿಸಿದ್ದ ಆಟವನ್ನು ತೆರೆದು ಮತ್ತೆ ಆಡಿಸಿದ್ದನಂತೆ.

ಇದನ್ನು ಹೇಳುತ್ತಲೇ ಅವರ ಧ್ವನಿ ಬದಲಾಯಿತು. "ಕುರುಡಗ ರೊಕ್ಕಾ ಎಣಿಸಿ ಕೊಡು ಅಂತ ಕಲಿಸಿದಾಂವ್ರಿ ನಮ್ಮಣ್ಣ. ಪರಿಹಾರದ ರೊಕ್ಕಾ ಬಂದಾಗ ನನಗ ಎಣಿಸಿ ಕೊಡಲಿಲ್ಲ."

ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಘಟಪ್ರಭೆಯಗುಂಟ ಊರೊಳಗೆ ಬಂತು. ಓಣಿಗಳು ಎದ್ದವು, ಜನ ನವನಗರದ ಸೆಕ್ಟರುಗಳಿಗೆ ಬಂದರು. ಇವರ ಮನೆಯೂ ಮುಳುಗಡೆಯಾಯಿತು. ಪರಿಹಾರ ಬಂದದ್ದು ತಂದೆಯ ಹೆಸರಿಗೆ, ಓಡಾಡಿ ಬಿಡಿಸಿಕೊಂಡವನು ಅಣ್ಣ. ತಂದೆ ತೀರಿಕೊಂಡ ಮೇಲೆ ನಿವೇಶನದ ವಾಟ್ನಿಯಲ್ಲಿ ಮಾತು ಬೆಳೆಯಿತು. ಅಣ್ಣ ಬೆಳಗಾವಿಯಲ್ಲಿದ್ದಾರೆ. ಹಬ್ಬಕ್ಕೆ ವೈನಿ ಫೋನ್ ಮಾಡುತ್ತಾರೆ, ಅಣ್ಣತಮ್ಮಂದಿರು ಮಾತಾಡುವುದಿಲ್ಲ. ಇಂಥ ಕಥೆ ಹೊತ್ತು ಬರುವವರು ನನ್ನಲ್ಲಿಗೆ ಬಹಳ. ಹಣದ ಸಿಟ್ಟನ್ನು ಎಲ್ಲರೂ ಜೋರಾಗಿ ಹೇಳುತ್ತಾರೆ. ಕಳೆದುಹೋದ ಮನೆಯ ದುಃಖವನ್ನು ಹೇಳುವವರು ಕಡಿಮೆ, ಗಂಡಸರಲ್ಲಂತೂ ತೀರಾ ಕಡಿಮೆ.

ಮುಂದಿನ ಭೇಟಿಗೆ ಲ್ಯಾಪ್‌ಟಾಪ್ ತರಲು ಹೇಳಿದೆ, ಏನು ಆಡುತ್ತಾರೆಂದು ಕಣ್ಣಾರೆ ನೋಡಬೇಕಿತ್ತು. ಹಳೆ ಆಟಗಳನ್ನು ಈಗಿನ ಯಂತ್ರದಲ್ಲಿ ನಡೆಸುವ ಸ್ಕಮ್‌ವಿಎಂ ಎಂಬ ತಂತ್ರಾಂಶದಲ್ಲಿ 'ಮಂಕಿ ಐಲ್ಯಾಂಡ್' ತೆರೆದರು. ಕಥಾನಾಯಕ ಗೈಬ್ರಷ್‌ನನ್ನು ಭಾರದ ವಿಗ್ರಹಕ್ಕೆ ಹಗ್ಗದಿಂದ ಬಿಗಿದು ಸಮುದ್ರಕ್ಕೆ ತಳ್ಳಿದ್ದಾರೆ. ತಳದಲ್ಲಿ ನಿಂತಿದ್ದಾನೆ. ಸುತ್ತ ಹರಿತವಾದ ಆಯುಧಗಳು ಬಿದ್ದಿವೆ, ಹಗ್ಗ ಗಿಡ್ಡ, ಯಾವುದೂ ಕೈಗೆ ಎಟಕುವುದಿಲ್ಲ. ಹತ್ತು ನಿಮಿಷ ಉಸಿರು ಹಿಡಿಯಬಲ್ಲೆ ಎಂಬುದು ಅವನ ಹೆಗ್ಗಳಿಕೆ. ನಿಜವಾಗಿಯೂ ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಸಾಯುತ್ತಾನೆ. ಆಟಗಾರನನ್ನು ಸುಮ್ಮಸುಮ್ಮನೆ ಸಾಯಿಸಬಾರದು ಎಂಬ ಪಂಥದ ರಾನ್ ಗಿಲ್ಬರ್ಟ್ ಮಾಡಿದ ಆಟದಲ್ಲಿ ಸಾವು ಇರುವುದು ಇಲ್ಲಿ ಮಾತ್ರ ಎನ್ನಬಹುದು. ಅಣ್ಣತಮ್ಮ ಒಂದು ಸಂಜೆ ಕೈಗಡಿಯಾರ ಹಿಡಿದು ಅದನ್ನು ಪರೀಕ್ಷಿಸಿದ್ದರು. ಕೆಳಗಿನಿಂದ ಅವ್ವ ಊಟಕ್ಕೆ ಕೂಗುತ್ತಲೇ ಇದ್ದಳು.

"ಹೆಂಗ ಪಾರಾಗೂದು?" ಎಂದೆ.

"ಆ ವಿಗ್ರಹಾನ ಎತ್ಕೊಂಡು ಮ್ಯಾಲ ನಡಕೋತ ಬರೂದ್ರಿ. ಹಗ್ಗಾ ಕೊಯ್ಯೂದು ಬೇಕಾಗಿಲ್ಲ. ನಮಗ ತಿಳಿಯಾಕ ಎರಡು ದಿನ ಹಿಡೀತು."

"ಮತ್ತ ದಿನಾ ರಾತ್ರಿ ಇಲ್ಲೇ ಯಾಕ ನಿಂದರತೀರಿ?"

ಬಹಳ ಹೊತ್ತು ಸುಮ್ಮನಿದ್ದರು. "ಎತ್ತಿದ್ರ ಈ ಜಾಗಾ ಮುಗದ ಹೋಗತೈತ್ರಿ."

ಅಲ್ಲಿಂದ ನಮ್ಮ ಕೆಲಸಕ್ಕೆ ದಾರಿ ಸಿಕ್ಕಿತು. ಮುಳುಗಿದ ಮನೆಗಾಗಿ ಅವರು ಅತ್ತೇ ಇರಲಿಲ್ಲ, ಅಂದು ಅತ್ತರು.

ಸಲಹೆಯ ವಿಷಯಕ್ಕೆ ಬರುತ್ತೇನೆ. ಆಟ ಬಿಡಬೇಡಿ, ಆದರೆ ಬಾಗಿಲು ಹಾಕಿಕೊಂಡ ಕೋಣೆಯಿಂದ ಪಡಸಾಲೆಗೆ ತನ್ನಿ ಎಂದೆ. ಹನ್ನೊಂದಕ್ಕೆ ಯಂತ್ರ ಬಂದ್. ಆ ಗಂಟೆಯನ್ನು ಹೆಂಡತಿ ಕಾಯಬಾರದು, ಅದು ಅವರದೇ ಜವಾಬ್ದಾರಿ. ಹೆಂಡತಿಗೆ ಬೇರೆಯಾಗಿ ಹೇಳಿದ್ದು ಇಷ್ಟು: "ಹುಡುಗರ ಆಟ" ಎಂಬ ಮಾತು ಕೆಲವು ದಿನ ಬೇಡ, ಹಳೆಯ ಮನೆಯ ಬಗ್ಗೆ ಕೇಳಿ. ನೀವು ಸೊಸೆಯಾಗಿ ಬರುವಾಗ ಆ ಮನೆ ಇರಲೇ ಇಲ್ಲ, ಅವರು ಹೇಳದೆ ನಿಮಗೆ ತಿಳಿಯುವುದೂ ಇಲ್ಲ.

ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಹೇಳಿದಾಗ ಶ್ರೀಶೈಲ ಹಿಂಜರಿದರು, ಈಗಿನ ಹುಡುಗರು ನಗುತ್ತಾರೆ ಎಂದರು. ಅವರಿಗೆ ವಿಲ್ ಕ್ರೌದರ್ ವಿಷಯ ಹೇಳಿದೆ. ಈ ಬಗೆಯ ಆಟಗಳಿಗೆಲ್ಲ ಮೂಲವಾದ 'ಅಡ್ವೆಂಚರ್' ಅನ್ನು 1976ರ ಸುಮಾರಿಗೆ ಬರೆದವನು ಆತ. ಗಂಡಹೆಂಡತಿ ಕೂಡಿ ಕೆಂಟಕಿಯ ಮ್ಯಾಮತ್ ಗುಹೆಗಳನ್ನು ಇಳಿದು ಅಳೆದು ನಕ್ಷೆ ಮಾಡಿದವರು. ಮದುವೆ ಮುರಿಯಿತು, ಗುಹೆಯೂ ದೂರವಾಯಿತು, ಇಬ್ಬರು ಹೆಣ್ಣುಮಕ್ಕಳಿಂದಲೂ ದೂರವಾದಂತೆ ಅನಿಸತೊಡಗಿತು. ಆಗ ತಾನು ಕಂಡ ಗುಹೆಯನ್ನೇ ಅಕ್ಷರದಲ್ಲಿ ಕಟ್ಟಿ, ಮಕ್ಕಳು ಬಂದಾಗ ಆಡಲೆಂದು ಕೊಟ್ಟ. ಮರುವರ್ಷ ಡಾನ್ ವುಡ್ಸ್ ಅದನ್ನು ಬೆಳೆಸಿದ್ದರಿಂದ ಲೋಕಕ್ಕೆಲ್ಲ ಹರಡಿತು. ಶ್ರೀಶೈಲರಿಗೆ ಇದು ಗೊತ್ತಿರಲಿಲ್ಲ. ಮಗನಿಗೆ ಪಾಠ ಹೇಳಲು ಕೂರಿಸಬೇಡಿ, ನಿಮ್ಮ ಅಣ್ಣ ನಿಮಗೆ ಬಿಟ್ಟಂತೆ ಅವನಿಗೂ ತಪ್ಪಲು ಬಿಡಿ ಎಂದೆ.

ಅಣ್ಣನ ವಿಷಯದಲ್ಲಿ ಎರಡನ್ನು ಬೇರೆ ಬೇರೆ ಇಡಿಸಿದೆ. ಹಣದ ಮಾತು ಕಾಗದದ ಮೇಲೆ ಆಗಬೇಕು: ಪರಿಹಾರ ನಿಗದಿ ಮಾಡಿದ ಐತೀರ್ಪಿನ ಪ್ರತಿ, ಬ್ಯಾಂಕಿನ ಪಾಸ್‌ಬುಕ್, ಹಕ್ಕುಪತ್ರ ಎಲ್ಲ ಮುಂದಿಟ್ಟುಕೊಂಡು, ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಎದುರು. "ಹೋಗಲಿ ಬಿಡು, ಅಣ್ಣ ಅಲ್ಲೇನು" ಎಂದು ನುಂಗಿಕೊಳ್ಳಿ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ನುಂಗಿದ ಲೆಕ್ಕ ಮಕ್ಕಳ ಕಾಲಕ್ಕೆ ಮತ್ತೆ ಮೇಲೇಳುತ್ತದೆ. ಆದರೆ ಮೊದಲ ಮಾತು ಹಣದ್ದಾಗಬಾರದು. ಇಷ್ಟು ವರ್ಷ ಇಬ್ಬರೂ ಒಬ್ಬರ ಮೂದಲಿಕೆಗೆ ಇನ್ನೊಬ್ಬರು ತಕ್ಕ ಮರುಮಾತು ಹುಡುಕಿಕೊಂಡೇ ಬಂದಿದ್ದರು.

ಕೊನೆಗೆ ಅವರು ಕಳಿಸಿದ್ದು ಆ ವಿಗ್ರಹದ ದೃಶ್ಯದ ಚಿತ್ರ, ಜೊತೆಗೆ ಒಂದು ಸಾಲು: "ಅಣ್ಣಾ, ಇಲ್ಲಿಂದ ಹೆಂಗ ಬರೂದು?"

ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಬಂತು: "ನಿನಗ ಗೊತ್ತೈತಿ." ಆಮೇಲೆ ಫೋನ್ ಬಂತು.

ಯುಗಾದಿ ಕಳೆದ ಮೇಲೆ ಕಾಗದ ನೋಡಲು ಕೂತರು. ಪರಿಹಾರದಲ್ಲಿ ದೊಡ್ಡ ಪಾಲು ತಂದೆಯ ಆಸ್ಪತ್ರೆಗೆ ಹೋಗಿತ್ತು. ತಮ್ಮನ ಪರೀಕ್ಷೆಯ ಕಾಲವೆಂದು ಆಗ ಅಣ್ಣ ಹೇಳಿರಲಿಲ್ಲ, ಆಮೇಲೆ ಬಿಗುಮಾನಕ್ಕೆ ಹೇಳಲಿಲ್ಲ. ನಿವೇಶನದ ಪಾಲು ಇನ್ನೂ ಬಗೆಹರಿದಿಲ್ಲ. ಅದರಲ್ಲಿ ಶ್ರೀಶೈಲರ ವಾದವೇ ಸರಿ ಎಂದು ನನಗೂ ಅನಿಸುತ್ತದೆ, ವಕೀಲರನ್ನು ಕಾಣಲು ಹೇಳಿದ್ದೇನೆ. ನಿದ್ದೆ ಸುಧಾರಿಸಿದೆ. ಮಗ ಈಗ 'ಅಲ್ಟಿಮಾ' ಆಡುತ್ತಿದ್ದಾನಂತೆ, ಕುರುಡರಿಗೆ ಕಡಿಮೆ ನಾಣ್ಯ ಕೊಟ್ಟೇ ಆಡುತ್ತಿದ್ದಾನೆ. ಇವರು ಇನ್ನೂ ಬಾಯಿ ಬಿಟ್ಟಿಲ್ಲ.

ಮನೆಯಲ್ಲಿ ಇಂಥವರಿದ್ದು, ಆಟಕ್ಕಾಗಿ ಕೆಲಸ ಅಥವಾ ಶಾಲೆ ತಪ್ಪುತ್ತಿದ್ದರೆ, ಹಣ ಸೋರುತ್ತಿದ್ದರೆ, ಬದುಕು ಬೇಡ ಎಂಬ ಮಾತು ಬಂದರೆ ತಡ ಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಷಟ್ ಕ್ಲಿನಿಕ್ ಇದೆ.