ಓದುಗರ ಪ್ರಶ್ನೆ, ರಂಗದವರ ಉತ್ತರ: ಹಾಡುವ ನಾಟಕವನ್ನು ಕೂಡಿ ಕಟ್ಟುವುದು

ಜಾತ್ರೆಯ ಹಂಗಾಮು ಹತ್ತಿರವಾದಂತೆ ಸಂಗೀತ ನಾಟಕ ಆಡಹೊರಟ ಹವ್ಯಾಸಿ ತಂಡಗಳ ಪತ್ರ ಹೆಚ್ಚಾಗಿವೆ. ಈ ಸಲ ಪೇಟಿ (ಹಾರ್ಮೋನಿಯಂ), ಪರದೆ, ಬೆಳಕು ಮೂರೂ ಕಡೆಯವರು ಒಟ್ಟಿಗೆ ಕೂತು ಉತ್ತರ ಬರೆದಿದ್ದೇವೆ. ಬಂದ ತೊಂದರೆಗಳಲ್ಲಿ ಹೆಚ್ಚಿನವು ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದ್ದರಿಂದ ಹುಟ್ಟಿದವು.

ಪ್ರಶ್ನೆ (ಬ್ಯಾಡಗಿ): ನಮ್ಮ ನಾಟಕದಾಗ ರಾಜಾನ ಪಾತ್ರದವರ ದನಿ ಕರಿ 1, ರಾಣಿ ಪಾತ್ರದವರದು ಕರಿ 4. ಜೋಡಿ ಹಾಡಿನ್ಯಾಗ ಒಬ್ಬರಿಗೆ ಹೊಂದಿದರ ಇನ್ನೊಬ್ಬರಿಗೆ ಹೊಂದೂದಿಲ್ಲ. ತಬಲಾದವರೂ ಬ್ಯಾಸರ ಮಾಡ್ಕೋತಾರ. ಏನ್ ಮಾಡಬೇಕ್ರಿ?

ಕರಿ 1, ಕರಿ 4 ಎಂದರೆ ಪೇಟಿಯ ಕರಿ ಮನೆಗಳ ಎಣಿಕೆ, ಹಾಡುವವರು ತಮ್ಮ ಷಡ್ಜವಾಗಿ ಹಿಡಿಯುವ ಸ್ವರ. ಹಾಡು ಕರಿ 1ರಲ್ಲೇ ಇರಲಿ. ಬದಲಾಗಬೇಕಾದ್ದು ರಾಣಿಯ ಸಾಲುಗಳ ಓಟ. ಕರಿ 1ರ ಮಂದ್ರ ಪಂಚಮ (ಕೆಳಗಿನ ಸಪ್ತಕದ ಪ) ಎಂದರೆ ಕರಿ 4, ಅದೇ ಆಕೆಯ ಷಡ್ಜ (ಸ). ಆಕೆಯ ಸಾಲುಗಳನ್ನೆಲ್ಲ ಮಂದ್ರ ಪಂಚಮದಿಂದ ಮಧ್ಯ ಪಂಚಮದೊಳಗೆ ಕೂಡಿಸಿದರೆ ಆಕೆಗೆ ತನ್ನದೇ ಸಪ್ತಕ ಪೂರ್ತಿ ಸಿಗುತ್ತದೆ. ರಾಜನ ಸಾಲುಗಳು ಮಧ್ಯ ಷಡ್ಜದಿಂದ ತಾರ (ಮೇಲಿನ ಸಪ್ತಕದ) ಷಡ್ಜದವರೆಗೆ ಆರಾಮಾಗಿ ಓಡಾಡಲಿ. ಇಬ್ಬರೂ ಕೂಡಿ ಹಾಡುವ ಕೊನೆಯ ಸಾಲು ಮಾತ್ರ ಷಡ್ಜ-ಪಂಚಮಗಳ ನಡುವೆ ಇರಬೇಕು.

ಸಾಮಾನ್ಯವಾಗಿ ಕೆಡುವುದು ಅಂತರಾದಲ್ಲಿ, ಎಂದರೆ ಹಾಡು ಮೇಲಕ್ಕೇರುವ ಎರಡನೆಯ ಭಾಗದಲ್ಲಿ. ರಾಜ ತಾರ ಷಡ್ಜ ಮುಟ್ಟಿದ ಎಂದು ರಾಣಿಗೂ ಅದೇ ಸಾಲು ಕೊಡುತ್ತಾರೆ. ಆಕೆಯ ಲೆಕ್ಕದಲ್ಲಿ ಅದು ತಾರ ಮಧ್ಯಮ. ತಾಲೀಮಿನ ಕೋಣೆಯಲ್ಲಿ ಕೂತು ಹಾಡುವಾಗ ಅದು ಹೇಗೋ ಹತ್ತುತ್ತದೆ. ರಂಗದ ಮೇಲೆ ಉದ್ದನೆಯ ಮಾತು ಹೇಳಿ, ನಾಲ್ಕು ಹೆಜ್ಜೆ ಓಡಿ ಬಂದ ಮೇಲೆ ಹತ್ತುವುದಿಲ್ಲ, ದನಿ ಒಡೆಯುತ್ತದೆ. ಹಾಡಿನ ನಡುವೆ ಪಟ್ಟಿ (ಶ್ರುತಿ) ಬದಲಿಸುವುದು ಇದಕ್ಕೆ ಉಪಾಯವಲ್ಲ. ಪೇಟಿಯವರಿಗೆ ಅದು ಸುಲಭ, ತಬಲಾದವರಿಗೆ ಸಾಧ್ಯವಿಲ್ಲ.

ಇನ್ನು ತಬಲಾ. ಕರಿ 1ಕ್ಕೆ ಕೂಡಿಸಿದ ದಾಯಾಂ (ತಬಲಾದ ಬಲಗೈ ವಾದ್ಯ), ರಾಣಿ ಒಬ್ಬಳೇ ಕರಿ 4ರಲ್ಲಿ ಹಾಡುವಾಗ ಮಧ್ಯಮವಾಗಿ ಕೇಳುತ್ತದೆ. ಮಾಲಕಂಸ್‌ನಂಥ, ಮಧ್ಯಮವೇ ಜೀವವಾಗಿರುವ ರಾಗಕ್ಕೆ ಅದು ಒಪ್ಪುತ್ತದೆ. ಭೂಪದಲ್ಲಿ ಮಧ್ಯಮವೇ ಇಲ್ಲ, ಯಮನದಲ್ಲಿರುವುದು ತೀವ್ರ ಮಧ್ಯಮ. ಆ ಹಾಡುಗಳಲ್ಲಿ ಪ್ರತಿ ಪೆಟ್ಟಿಗೂ ಕಿವಿ ಚುಚ್ಚುತ್ತದೆ. ಅದಕ್ಕೇ ಕರಿ 2ಕ್ಕೆ ಕೂಡಿಸಿದ ಎರಡನೆಯ ದಾಯಾಂ ಒಂದು ಪಕ್ಕದಲ್ಲಿರಲಿ. ಕರಿ 4ಕ್ಕೆ ಅದು ಪಂಚಮ. ಒಂದೇ ದಾಯಾಂ ಅನ್ನು ಎರಡು ಪ್ರವೇಶಗಳ ನಡುವೆ ಬಡಿದು ಏರಿಸಿ ಇಳಿಸಿದರೆ ಶ್ರುತಿ ನಿಲ್ಲುವುದಿಲ್ಲ.

ಇಲ್ಲಿ ದೀಪದವರ ಮಾತೂ ಬರುತ್ತದೆ. ದೀಪದ ಕಾವಿಗೆ ಚರ್ಮ ಒಣಗಿ ಬಿಗಿಯಾದರೆ ದಾಯಾಂನ ಶ್ರುತಿ ಏರುತ್ತದೆ, ರಾತ್ರಿಯ ಇಬ್ಬನಿಗೆ ಸಡಿಲಾದರೆ ಇಳಿಯುತ್ತದೆ. ದೀಪ ಹತ್ತಿ ಅರ್ಧ ಗಂಟೆಯಾದ ಮೇಲೆ ಕೊನೆಯ ಸಲ ಕೂಡಿಸಿ. ತಂಡದಲ್ಲಿ ಕೀಬೋರ್ಡ್ ಇದ್ದರೆ ಮೊದಲ ತಾಲೀಮಿನಂದೇ ಅದನ್ನು ಪೇಟಿಗೆ ಹೊಂದಿಸಿ. ಹಳೆಯ ಪೇಟಿಯ ಸ್ವರ ಇಂದಿನ ಕೀಬೋರ್ಡಿಗಿಂತ ಸ್ವಲ್ಪ ಆಚೀಚೆ ಇರುವುದುಂಟು. ಪೇಟಿಯ ರೀಡನ್ನು ಅಲ್ಲೇ ಕೂತು ಕೆರೆಯಲಾಗದು, ಕೀಬೋರ್ಡಿನಲ್ಲಿ ಹೊಂದಿಸುವ ಗುಂಡಿ ಇರುತ್ತದೆ.

ಪ್ರಶ್ನೆ (ಧಾರವಾಡ, ವಿದ್ಯಾರ್ಥಿನಿ): ಯುರೋಪಿನ ಹಾಡುನಾಟಕವಾದ ಒಪೆರಾದಲ್ಲಿ ಗಾಯಕರು, ಮೇಳ, ವಾದ್ಯವೃಂದ, ಪರದೆಯವರು ಸೇರಿ ನೂರಾರು ಜನ ದುಡಿಯುತ್ತಾರಂತೆ. ಎಲ್ಲರೂ ಒಂದೇ ಕ್ಷಣಕ್ಕೆ ಕೂಡಿಬರುವುದು ಹೇಗೆ? ನಮ್ಮ ಸಂಗೀತ ನಾಟಕದವರು ಅದರಿಂದ ಏನು ತೆಗೆದುಕೊಳ್ಳಬಹುದು?

ಅಲ್ಲಿ ಅಧಿಕಾರ ಎರಡು ಕಡೆ ಹಂಚಿದೆ. ಕಾಲದ ಒಡೆತನ, ಕೈಯಾಡಿಸಿ ವಾದ್ಯವೃಂದವನ್ನು ನಡೆಸುವ ಕಂಡಕ್ಟರನದು. ಪರದೆ, ದೀಪ, ಪ್ರವೇಶಗಳದು ಸ್ಟೇಜ್ ಮ್ಯಾನೇಜರನದು. ಸ್ಟೇಜ್ ಮ್ಯಾನೇಜರ್ ಪಕ್ಕದ ವಿಂಗ್‌ನಲ್ಲಿ ಸ್ವರಲಿಪಿಯ ಪುಸ್ತಕ ಬಿಚ್ಚಿಕೊಂಡು ನಿಲ್ಲುತ್ತಾರೆ. ಯಾವ ಸ್ವರಕ್ಕೆ ಯಾವ ದೀಪ, ಯಾವ ಪರದೆ ಎಂದು ಅದರಲ್ಲೇ ಗುರುತಿರುತ್ತದೆ. ಹೆಡ್‌ಸೆಟ್‌ನಲ್ಲಿ ಮೊದಲು ‘ಸ್ಟ್ಯಾಂಡ್‌ಬೈ’, ಆಮೇಲೆ ‘ಗೋ’. ಆ ‘ಗೋ’ ಎಂಬ ಮಾತನ್ನು ಬೇರೆ ಕಾರಣಕ್ಕೆ ಯಾರೂ ಆಡುವಂತಿಲ್ಲ, ಆಡಿದರೆ ಯಾವುದೋ ಪರದೆ ಬಿದ್ದೇಬಿಡುತ್ತದೆ.

ತಾಲೀಮಿನ ಕ್ರಮವೂ ಕಲಿಯುವಂಥದ್ದು. ಮೊದಲು ಪಿಯಾನೋ ಒಂದರ ಜೊತೆ ಹಾಡು, ಆಮೇಲೆ ಪಿಯಾನೋ ಜೊತೆಗೇ ಅಭಿನಯ. ಅತ್ತ ವಾದ್ಯವೃಂದದವರು ಬೇರೆ ಕಡೆ ನುಡಿಸಿಕೊಂಡಿರುತ್ತಾರೆ. ನಂತರ ‘ಸಿಟ್ಸ್‌ಪ್ರೋಬೆ’: ವೇಷವಿಲ್ಲ, ಚಲನೆಯಿಲ್ಲ, ಗಾಯಕರು ಮೊದಲ ಬಾರಿಗೆ ಇಡೀ ವಾದ್ಯವೃಂದದ ಜೊತೆ ಕೂತು ಹಾಡುತ್ತಾರೆ. ನಮ್ಮ ತಂಡಗಳು ಬಿಟ್ಟುಬಿಡುವುದು ಈ ಮೆಟ್ಟಿಲನ್ನೇ. ಕ್ಲಾರಿನೆಟ್, ವಯೊಲಿನ್ ನುಡಿಸುವವರು ಪ್ರಯೋಗದ ಸಂಜೆ ಬಂದು ಇಳಿಯುತ್ತಾರೆ, ಪಲ್ಲವಿಯ ಹಿಂದಿನ ತುಣುಕು ಎಷ್ಟು ಆವರ್ತನ (ತಾಳದ ಸುತ್ತು) ಎನ್ನುವುದು ನಟನಿಗೂ ಗೊತ್ತಿರುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ. ಒಂದು ದಿನ ಪೂರ್ತಿ ಬರೀ ಕೂತು ಹಾಡಿ ನುಡಿಸಲು ತೆಗೆದಿಡಿ. ಉಳಿದ ಯಾವ ತಾಲೀಮು ತಪ್ಪಿದರೂ ಇದು ತಪ್ಪಬಾರದು.

ಇನ್ನೊಂದು ಸಂಗತಿ. ತೆರೆಯ ಹಿಂದಿನಿಂದ ಮೇಳ ಹಾಡುವಾಗ ಅಲ್ಲಿ ಟಿವಿ ಪರದೆಯಲ್ಲಿ ಕಂಡಕ್ಟರನನ್ನು ತೋರಿಸುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 34 ಮೀಟರ್ ದೂರ ನಿಂತವರಿಗೆ ವಾದ್ಯ ಕೇಳುವುದೇ ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ, ಅವರ ದನಿ ಮರಳಿ ಮುಂದಕ್ಕೆ ಬರಲು ಮತ್ತಷ್ಟೇ. ಕಿವಿಯನ್ನು ನಂಬಿ ಹಾಡಿದರೆ ತಾಳ ಜಾರುವುದು ಇದಕ್ಕೇ. 1876ರಲ್ಲಿ ತೆರೆದ, ಜರ್ಮನಿಯ ಬೈರಾಯ್ಟ್ ಒಪೆರಾ ರಂಗಮಂದಿರದಲ್ಲಿ ವಾದ್ಯವೃಂದ ರಂಗದ ಕೆಳಗೆ, ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ಕೂರುತ್ತದೆ. ಆದರೆ ಕಂಡಕ್ಟರ್ ಗಾಯಕರಿಗೆ ಕಾಣುತ್ತಾನೆ. ನಿಮ್ಮಲ್ಲೂ ಪೇಟಿ ಮಾಸ್ತರರು ಜನರಿಗೆ ಕಾಣದಿದ್ದರೆ ನಡೆದೀತು, ಹಾಡುವವರಿಗೆ ಮುಖ ಕಾಣಲೇಬೇಕು. ನಮ್ಮ ಪದ್ಧತಿಯಲ್ಲಿ ಪೇಟಿಯೇ ನಟನ ಉಸಿರನ್ನು ನೋಡಿ ಹಿಂಬಾಲಿಸುವುದರಿಂದ ಈ ನೋಟ ಎರಡೂ ಕಡೆಗೆ ಬೇಕು.

ಪ್ರಶ್ನೆ (ಕುಂದಗೋಳ): ಹಾಡು ಮುಗಿದರೂ ಪರದೆ ಏಳುವುದಿಲ್ಲ. ಇಲ್ಲವೇ ಹಾಡು ನಡೆದಾಗಲೇ ಎದ್ದುಬಿಡುತ್ತದೆ. ಹಗ್ಗದವರಿಗೆ ಎಷ್ಟು ಹೇಳಿದರೂ ಅಷ್ಟೇ.

ಹಗ್ಗದವರಿಗೆ ಸಾಲು ಹೇಳಬೇಡಿ, ಆವರ್ತನ ಹೇಳಿ. ಮೊದಲು ಪರದೆ ಸುತ್ತಿ ಏರಲು ಎಷ್ಟು ಸೆಕೆಂಡು ಬೇಕೆಂದು ಗಡಿಯಾರ ಹಿಡಿದು ನೋಡಿ. ತೀನತಾಲದ 16 ಮಾತ್ರೆ, ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ, 8 ಸೆಕೆಂಡಿಗೆ ಮುಗಿಯುತ್ತದೆ. ಪರದೆಗೆ 16 ಸೆಕೆಂಡು ಬೇಕಾದರೆ ಹಾಡು ಮುಗಿಯುವ ಎರಡು ಆವರ್ತನ ಮೊದಲೇ ಹಗ್ಗ ಎಳೆಯಬೇಕು. ಎಳೆಯುವವರು ತಬಲಾದ ಸಮ್ (ಆವರ್ತನದ ಮೊದಲ ಮಾತ್ರೆ) ಗುರುತಿಸಬಲ್ಲವರಾಗಿರಲಿ. ಭಜನಾ ಮೇಳದಲ್ಲಿ ತಾಳ ಹಾಕಿದ ಹುಡುಗರಿದ್ದರೆ ಈ ಕೆಲಸ ಅವರಿಗೇ ಕೊಡಿ.

ಪರದೆ, ದೀಪದ ಗುರುತೆಲ್ಲ ನಾಟಕದ ಒಂದೇ ಪ್ರತಿಯಲ್ಲಿರಬೇಕು, ಅದು ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರ ಕೈಯಲ್ಲಿರಬೇಕು. ದೀಪದವರದೊಂದು ಚೀಟಿ, ಪರದೆಯವರದೊಂದು ಚೀಟಿ ಎಂದಾದರೆ, ಕೊನೆಯ ವಾರ ಒಂದು ನುಡಿ ಕತ್ತರಿಸಿದ್ದು ಒಬ್ಬರ ಚೀಟಿಯಲ್ಲಿ ಮಾತ್ರ ದಾಖಲಾಗುತ್ತದೆ. ‘ಒನ್ಸ್ ಮೋರ್’ ಬಂದಾಗಲೂ ಇದೇ ಗೊಂದಲ. ಈ ಭಾಗದ ಜನ ಒಳ್ಳೆಯ ಹಾಡಿಗೆ ಒನ್ಸ್ ಮೋರ್ ಕೂಗದೆ ಬಿಡುವವರಲ್ಲ. ಹಿಂದುಸ್ತಾನಿ ಗಾಯಕರಾದ ಸವಾಯಿ ಗಂಧರ್ವರಾಗಲಿ ಮಲ್ಲಿಕಾರ್ಜುನ ಮನಸೂರರಾಗಲಿ ನಾಟಕ ಕಂಪನಿಗಳಲ್ಲಿ ಹಾಡಿ ಬಂದವರು, ಅಂಥ ಕಿವಿಗಳ ನಾಡಿದು. ಮತ್ತೆ ಹಾಡುವುದೋ ಬೇಡವೋ ಎಂಬ ತೀರ್ಮಾನ ಪೇಟಿ ಮಾಸ್ತರರೊಬ್ಬರದೇ ಇರಲಿ. ಅವರು ಪಲ್ಲವಿಯ ಸ್ವರ ಹಿಡಿದರೆ ದೀಪ, ಪರದೆ ಎರಡೂ ಇದ್ದಲ್ಲೇ ನಿಲ್ಲಬೇಕು, ಎಣಿಕೆ ಮತ್ತೆ ಮೊದಲಿನಿಂದ.

ಪ್ರಶ್ನೆ (ಮುಂಡರಗಿ): 30 ಅಡಿ ಅಗಲ, 15 ಅಡಿ ಎತ್ತರದ ಅರಮನೆ ಪರದೆ ಬರೆಸಬೇಕು. ಹೋದ ಸಲದ್ದು ಸುತ್ತಿಟ್ಟಲ್ಲೇ ಬಿರುಕು ಬಿಟ್ಟಿತು, ಗಾಳಿಗೆ ಹರಿಯಿತು.

ಬಟ್ಟೆ ಮಾಂಜರಪಾಟ (ಒರಟು ಹತ್ತಿ ಬಟ್ಟೆ) ಸಾಕು. 36 ಇಂಚು ಪನ್ನದ್ದಾದರೆ (ಅಗಲದ್ದಾದರೆ) 31 ಅಡಿಯ 6 ಪಟ್ಟಿ, ಒಟ್ಟು 186 ಅಡಿ, ಸುಮಾರು 57 ಮೀಟರ್. ಐದು ಪಟ್ಟಿಗೇ ಲೆಕ್ಕ ಕೂಡುತ್ತದಲ್ಲ ಎನ್ನಬೇಡಿ, ಹೊಲಿಗೆಗೂ ಮೇಲೆ ಕೆಳಗೆ ಮಡಚುವುದಕ್ಕೂ ಬಟ್ಟೆ ಹೋಗುತ್ತದೆ. ಹೊಲಿಯುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಬಣ್ಣ ಬಿದ್ದ ಮೇಲೆ ಕುಗ್ಗಿ ಜಗ್ಗುತ್ತದೆ. ಹೊಲಿಗೆ ಅಡ್ಡಡ್ಡ ಬರಲಿ. ಪರದೆಯ ಭಾರಕ್ಕೆ ಅಡ್ಡ ಹೊಲಿಗೆ ಬಿಗಿಯಾಗಿ ಸಪಾಟಾಗುತ್ತದೆ, ಉದ್ದ ಹೊಲಿಗೆ ಸುಕ್ಕುಗಟ್ಟಿ ಅರಮನೆಯ ಕಂಬವನ್ನೇ ಸೊಟ್ಟ ಮಾಡುತ್ತದೆ.

ಬಿರುಕಿಗೆ ಕಾರಣ ಹೆಚ್ಚಾದ ಸರೇಸು (ಬಣ್ಣಕ್ಕೆ ಕಲಸುವ ಅಂಟು). ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಉರಿಗೆ ಇಟ್ಟರೆ ಸೀದು ಅಂಟು ಸಾಯುತ್ತದೆ. ಖಡಿ ಪುಡಿ ಕಲಸಿ ಗೇಣುದ್ದದ ತುಂಡು ಬಟ್ಟೆಗೆ ಬಳಿದು ಒಣಗಿಸಿ ನೋಡಿ. ಮಡಚಿದಾಗ ಗೆರೆ ಬಿಟ್ಟು ಸಿಡಿದರೆ ಸರೇಸು ಹೆಚ್ಚು, ಉಜ್ಜಿದಾಗ ಕೈಗೆ ಬಿಳಿ ಹತ್ತಿದರೆ ಕಡಿಮೆ. ಎರಡೂ ಇಲ್ಲದಂತೆ ಬರುವವರೆಗೆ ದೊಡ್ಡ ಬಟ್ಟೆ ಮುಟ್ಟಬೇಡಿ. ಸುತ್ತುವ ಕೋಲು ಕನಿಷ್ಠ 4 ಇಂಚು ದಪ್ಪ ಇರಲಿ. ಸಣ್ಣ ಬಿದಿರಿಗೆ ಸುತ್ತಿದರೆ ಬಣ್ಣ ಸಿಡಿಯುತ್ತದೆ, 30 ಅಡಿಯಲ್ಲಿ ಬಿದಿರು ನಡುವೆ ಬಾಗುತ್ತದೆ ಕೂಡ.

ಕಪ್ಪತಗುಡ್ಡದ ಸುತ್ತಿನ ಬಯಲಲ್ಲಿ ಗಾಳಿಯ ಲೆಕ್ಕ ಬಿಟ್ಟು ರಂಗ ಕಟ್ಟುವಂತಿಲ್ಲ. ಪರದೆಯ ಕೆಳಗಿನ ಅಂಚನ್ನು ಮೊಳೆ ಹೊಡೆದು ಬಿಗಿಯಬೇಡಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ. ಗಾಳಿ ಬಂದಾಗ ಪಟ್ಟಿ ಹಿಗ್ಗುತ್ತದೆ, ಬಟ್ಟೆ ಉಳಿಯುತ್ತದೆ. ಹಿಂದಿನ ತಗಡಿಗೂ ಪರದೆಗೂ ನಡುವೆ ಗಾಳಿ ಹಾಯಲು ಜಾಗ ಬಿಡಿ. ಬಣ್ಣ ಹಚ್ಚುವ ದಿನ ದೀಪದವರು ಒಂದು ದೀಪ ತಂದು ಹಿಡಿಯಲಿ. ಹಗಲಲ್ಲಿ ಚೆಂದ ಕಂಡ ನೀಲಿ ಆಕಾಶ ರಾತ್ರಿ ಹಳದಿ ದೀಪದಲ್ಲಿ ಕಪ್ಪಿಟ್ಟು ಕಾಣುತ್ತದೆ.

ಪ್ರಶ್ನೆ (ಹಾವೇರಿ): ಪೋಷಾಕು ತೊಟ್ಟ ಮೇಲೆ ನಮ್ಮ ನಾಯಕಿಗೆ ಉದ್ದ ಸಾಲು ಹಾಡಲು ಆಗುತ್ತಿಲ್ಲ.

ಅಳತೆ ತೆಗೆದದ್ದು ಸುಮ್ಮನೆ ನಿಂತಾಗ ಇರಬೇಕು. ದರ್ಜಿಯವರ ಎದುರು ಆಕೆ ತನ್ನ ಅತಿ ಉದ್ದದ ಸಾಲು ಹಾಡಲಿ, ಉಸಿರು ತುಂಬಿದಾಗಿನ ಎದೆ ಮತ್ತು ಪಕ್ಕೆಲುಬಿನ ಅಳತೆ ತೆಗೆಯಿರಿ. ಡಾಬು ಸೊಂಟದ ಎಲುಬಿನ ಮೇಲೆ ಕೂರಲಿ, ಹೊಟ್ಟೆಯ ಮೇಲೆ ಬೇಡ. ಕಾಲರ್ ಮೈಕ್ ಇದ್ದರೆ ಅದನ್ನು ಸರಗಳಿಂದ ದೂರ, ಕಿರೀಟದ ಅಂಚಿಗೆ ಹಚ್ಚಿ. ಎದೆಯ ಮೇಲಿದ್ದರೆ ಹಾಡಿಗಿಂತ ಸರದ ಸದ್ದೇ ಜೋರಾಗುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ದೀಪ ಮಂದ ಮಾಡಿದ ಕೂಡಲೇ ಸ್ಪೀಕರಿನಲ್ಲಿ ‘ಗುಂಯ್’ ಸದ್ದು. ಒಂದೆರಡು ಸಲ ಫ್ಯೂಸೂ ಹೋಯಿತು.

ಡಿಮ್ಮರು (ದೀಪ ಮಂದ ಮಾಡುವ ಸಾಧನ) ಮತ್ತು ಧ್ವನಿವರ್ಧಕ ಒಂದೇ ಲೈನಿನಲ್ಲಿವೆ. ಮೂರು ಫೇಸ್ ಇದ್ದರೆ ಧ್ವನಿಗೆ ಒಂದು ಫೇಸನ್ನು ಪೂರ್ತಿ ಬಿಟ್ಟುಕೊಡಿ. ಮೈಕಿನ ವೈರು ದೀಪದ ವೈರಿನ ಪಕ್ಕಪಕ್ಕ ಓಡದಿರಲಿ, ದಾಟಲೇಬೇಕಾದಲ್ಲಿ ಅಡ್ಡಕ್ಕೆ ದಾಟಲಿ. ಫ್ಯೂಸಿನ ಲೆಕ್ಕ ಸರಳ: 1000 ವ್ಯಾಟಿನ ಒಂದು ದೀಪ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಸಾಕೆಟ್ಟಿಗೆ ಮೂರು ದೀಪ ಸರಿ, ನಾಲ್ಕನೆಯದು ಹಚ್ಚಿದರೆ 17 ದಾಟುತ್ತದೆ. ಉದ್ದ ವೈರನ್ನು ಸುರುಳಿಯಲ್ಲೇ ಬಿಟ್ಟು ದೀಪ ಹಚ್ಚಬೇಡಿ, ಒಳಗೇ ಕಾದು ಕರಗುತ್ತದೆ. ಪೂರ್ತಿ ಬಿಚ್ಚಿ ನೆಲದ ಮೇಲೆ ಹರವಿ, ನಟರು ಓಡಾಡುವ ದಾರಿಯಲ್ಲಿ ಮೇಲೆ ಟೇಪು ಅಂಟಿಸಿ.