ಗಿಡ ಕಿತ್ತು ನೋಡೀರೇನು?

ಪ್ರಿಯ ಲೇಖಕರಿಗೆ,

ಆಳಂದದಿಂದ ನೀವು ಕಳುಹಿಸಿದ ‘ಯಂತ್ರದ ಬುದ್ಧಿ, ಮನುಷ್ಯನ ಬುದ್ಧಿ’ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಪಟ್ಟ ಶ್ರಮ ಕಾಣುತ್ತದೆ. ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ನನ್ನನ್ನು ತಡೆದದ್ದು ನಿಮ್ಮ ಕ್ರಿಯಾಪದಗಳು.

‘1997ರಲ್ಲಿ ಡೀಪ್ ಬ್ಲೂ, ಚದುರಂಗದ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಮಣಿಸಲು ಪಣ ತೊಟ್ಟಿತು’ ಎಂದು ಬರೆದಿದ್ದೀರಿ. ಪಣ ತೊಟ್ಟವರು ಆ ಚದುರಂಗದ ಕಂಪ್ಯೂಟರನ್ನು ಕಟ್ಟಿದ ಐಬಿಎಂ ಕಂಪನಿಯ ಎಂಜಿನಿಯರುಗಳು. ಯಂತ್ರವು ಸೆಕೆಂಡಿಗೆ ಆಟದ ಸುಮಾರು 20 ಕೋಟಿ ಸ್ಥಿತಿಗಳನ್ನು ಲೆಕ್ಕ ಹಾಕಿ ತೂಗುತ್ತಿತ್ತು, ಅಷ್ಟೇ. ಯಂತ್ರಕ್ಕೆ ಬಯಕೆಯಿಲ್ಲವೆಂದು ಐದನೆಯ ಪುಟದಲ್ಲಿ ವಾದಿಸುವ ನೀವು ಮೊದಲ ಪುಟದಲ್ಲೇ ಆ ಬಯಕೆಯನ್ನು ಅದಕ್ಕೆ ಕೊಟ್ಟುಬಿಟ್ಟಿದ್ದೀರಿ.

ಮುಂದಿನ ಸಾಲು: ‘ಎಲೈಜಾ ಜನರ ದುಃಖವನ್ನು ಅರ್ಥಮಾಡಿಕೊಂಡಿತು.’ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ಆ ಮಾತುಕತೆಯ ಪ್ರೋಗ್ರಾಮು ಎದುರಿಗಿದ್ದವರ ವಾಕ್ಯದಿಂದಲೇ ಒಂದು ಪದವನ್ನು ಹೆಕ್ಕಿ, ಅದನ್ನು ಪ್ರಶ್ನೆಯ ಅಚ್ಚಿಗೆ ಹಾಕಿ ಹಿಂದಿರುಗಿಸುತ್ತಿತ್ತು. ವೈಜೆನ್‌ಬಾಮ್ ಅದನ್ನು ತಿಂಗಳುಗಟ್ಟಲೆ ಕಟ್ಟುವುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಮಾತಿಗೆ ಕುಳಿತಾಗ, ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡರಂತೆ. ಅರ್ಥಮಾಡಿಕೊಳ್ಳುವ ಕೆಲಸವೆಲ್ಲ ನಡೆದದ್ದು ಆಕೆಯ ಮನಸ್ಸಿನಲ್ಲಿ. ನಿಮ್ಮ ಲೇಖನಕ್ಕೆ ಬೇಕಾಗಿದ್ದ ಸಂಗತಿ ಇದೇ ಆಗಿತ್ತು. ಒಂದು ಸಡಿಲ ಕ್ರಿಯಾಪದ ಅದನ್ನು ಮುಚ್ಚಿಹಾಕಿತು.

ಮೂರನೆಯ ಸಾಲು ನನ್ನನ್ನು ನಿಜಕ್ಕೂ ಕೆರಳಿಸಿತು: ‘ಇಂದಿನ ಚಾಟ್‌ಬಾಟ್‌ಗೆ ನಮ್ಮ ತೊಗರಿಯ ರೋಗಗಳೆಲ್ಲ ಗೊತ್ತಿವೆ.’

ಕಲಬುರಗಿ ಇನ್ನೂ ಗುಲಬರ್ಗಾ ಆಗಿದ್ದ ದಿನಗಳಲ್ಲಿ ನಾನು ಇಲ್ಲಿನ ಒಂದು ಪತ್ರಿಕೆಯಲ್ಲಿ ಹೊಸ ವರದಿಗಾರ. ಹಳೆಯ ವರದಿಗಳನ್ನೂ ಒಂದು ಸರ್ಕಾರಿ ಟಿಪ್ಪಣಿಯನ್ನೂ ಮುಂದಿಟ್ಟುಕೊಂಡು, ಮಳೆಯ ಕೊರತೆಯಿಂದ ಅಫಜಲಪುರದ ಕಡೆ ತೊಗರಿ ಒಣಗುತ್ತಿದೆ ಎಂದು ಬರೆದೆ. ನಮ್ಮ ಹಿರಿಯ ಉಪಸಂಪಾದಕರು ಓದಿ, ‘ಗಿಡ ಕಿತ್ತು ನೋಡೀರೇನು?’ ಎಂದಷ್ಟೇ ಕೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಎರೆಭೂಮಿ ಇನ್ನೂ ಹಸಿಯಾಗಿತ್ತು. ಹೊಲದಲ್ಲಿದ್ದ ಮುದುಕರೊಬ್ಬರು ಬಾಡಿದ ಗಿಡವೊಂದನ್ನು ಕಿತ್ತು, ಕುಡಗೋಲಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ ನನ್ನ ಕೈಗಿಟ್ಟರು. ಒಳಗೆ ಕಪ್ಪು ಗೆರೆಗಳಿದ್ದವು. ‘ನೀರಿನ ಬಾಧಿ ಅಲ್ರಿ ಇದು, ನೆಟೆ ಬಂದದ’ ಎಂದರು. ನೆಟೆ ರೋಗದಲ್ಲಿ ಮಣ್ಣಿನಲ್ಲಿರುವ ಶಿಲೀಂಧ್ರವು ಬೇರಿನಿಂದ ಏರಿ ನೀರು ಹರಿಯುವ ನಾಳಗಳನ್ನು ಮುಚ್ಚುವುದರಿಂದ, ನೆಲದಲ್ಲಿ ತೇವವಿದ್ದರೂ ಗಿಡ ಬಾಯಾರಿ ಸಾಯುತ್ತದೆ.

ನನ್ನ ವರದಿಯಲ್ಲಿ ವ್ಯಾಕರಣ ಸರಿಯಿತ್ತು, ಓದಿದವರು ನಂಬುವಂತಿತ್ತು, ಆದರೆ ಸುಳ್ಳಾಗಿತ್ತು. ಮನುಷ್ಯರು ಬರೆದಿಟ್ಟ ಅಪಾರ ಪಠ್ಯದಿಂದ, ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತ, ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾದರಿಯ ಸ್ಥಿತಿಯೂ ಇದೇ. ಅದು ‘ನೆಟೆ’ ಎಂದು ಬರೆಯಬಲ್ಲದು, ಅನೇಕ ಸಲ ಸರಿಯಾಗಿಯೇ ಬರೆಯಬಲ್ಲದು. ಎಲೆಯ ಚಿತ್ರ ಕೊಟ್ಟರೆ ರೋಗ ಗುರುತಿಸುವ ತಂತ್ರಾಂಶಗಳೂ ಬಂದಿವೆ. ಆದರೆ ಸೀಳದ ಕಾಂಡದ ಚಿತ್ರದಲ್ಲಿ ಆ ಗೆರೆ ಇರುವುದಿಲ್ಲ, ಮತ್ತು ಉತ್ತರ ತಪ್ಪಾದರೆ ನಿದ್ದೆಗೆಟ್ಟು ಬೆಳಗಿನ ಬಸ್ಸು ಹತ್ತಬೇಕೆಂಬ ಒತ್ತಡ ಯಂತ್ರದೊಳಗೆ ಎಲ್ಲಿಂದಲೂ ಹುಟ್ಟುವುದಿಲ್ಲ. ನಿಮ್ಮ ಲೇಖನದ ತಿರುಳು ಇಲ್ಲಿದೆ. ನೀವು ‘ಗೊತ್ತಿವೆ’ ಎಂದು ಅದನ್ನು ದಾಟಿ ಹೋದಿರಿ.

ಕೊನೆಯ ಪುಟದ ‘ಮಾನವ ಮೆದುಳಿನ ಶಕ್ತಿ ಅನಂತ’ ಎಂಬ ಮಾತನ್ನು ತೆಗೆಯಿರಿ. ಸುಮಾರು 8,600 ಕೋಟಿ ನರಕೋಶಗಳ, ಹೆಚ್ಚುಕಡಿಮೆ 20 ವ್ಯಾಟ್‌ನಲ್ಲಿ ನಡೆಯುವ, ಮರೆಯುವ ಮತ್ತು ದಣಿಯುವ ಅಂಗ ಅದು. ಅದಕ್ಕೆ ಮಿತಿಯಿಲ್ಲವೆಂದರೆ ಹೋಲಿಕೆಯೇ ನಿಂತುಹೋಗುತ್ತದೆ.

ನಿಮ್ಮ ಮನೆಯವರು ತೊಗರಿ ಬೆಳೆಯುತ್ತಾರೆಂದು ಪತ್ರದಲ್ಲಿ ತಿಳಿಸಿದ್ದೀರಿ. ಈಗ ಹೂವಿನ ಕಾಲ, ಹೊಲದಲ್ಲಿ ಬಾಡಿದ ಗಿಡ ಸಿಕ್ಕೀತು. ಒಂದನ್ನು ಸೀಳಿ ನೋಡಿ, ಕಂಡದ್ದನ್ನು ಕಂಡಂತೆ ಮೊದಲ ಪ್ಯಾರಾದಲ್ಲಿ ಬರೆದು, ಲೇಖನವನ್ನು ನನ್ನ ಹೆಸರಿಗೇ ಮತ್ತೆ ಕಳುಹಿಸಿ.

ಸಂಪಾದಕ